ದನಿ ಕೇಳಿತ್ತು, ಜಾಗ ಗೊತ್ತಿರಲಿಲ್ಲ (ನಮ್ಮ ಕಡೆಯ ಇತಿಹಾಸ, ಭಾಗ 7)

ಮೊನ್ನೆಮೊನ್ನೆವರೆಗೂ ನಮ್ಮ ಗಜೇಂದ್ರಗಡ ರೋಣ ತಾಲ್ಲೂಕಿನಾಗೇ ಇತ್ತಲ್ಲ? ಆ ರೋಣದಾಗ 1922ರ ಫೆಬ್ರುವರಿ 4ರಂದು ಹುಟ್ಟಿದವರು ಭೀಮಸೇನ ಜೋಶಿ. ಬೆಳೆದದ್ದು ಗದಗಿನಾಗ. ಇವತ್ತಿನ ಕಥೆ ಅವರು ಹಾಡಿದ್ದರದ್ದಲ್ಲ, ಕೇಳಿದ್ದರದ್ದು.

ಭಜನಿ, ಮೆರವಣಿಗಿ ಏನೇ ಬರಲಿ, ಈ ಹುಡುಗ ಅದರ ಹಿಂದೆ ಹೊರಟುಬಿಡ್ತಿದ್ದ. ದಣಿದು ಎಲ್ಲೋ ಮಲಗಿಬಿಡ್ತಿದ್ದ. ಕಡೀಗೆ ಮಾಸ್ತರರಾಗಿದ್ದ ತಂದೆ ಅಂಗಿ ಮ್ಯಾಲೆ 'ಜೋಶಿ ಮಾಸ್ತರರ ಮಗ' ಅಂತ ಬರೆಸಿದರಂತೆ. ಆಗಿನ ಕಾಲದ ಲೊಕೇಶನ್ ಶೇರಿಂಗ್ ಅನ್ರಿ!

ಮುಂದ ಒಂದು ದಿನ ಅಂಗಡಿಯೊಂದರಾಗ ಗ್ರಾಮಫೋನ್ ಹಾಡ್ತಿತ್ತು. ಅಬ್ದುಲ್ ಕರೀಂ ಖಾನರ ದನಿ, ಝಿಂಝೋಟಿ ರಾಗದ ಠುಮ್ರಿ. ಒಂದು ಬದಿಗೆ ಸುಮಾರು ಮೂರೇ ನಿಮಿಷ, ಅಂದ್ರ ಒಂದು ರೀಲ್‌ನಷ್ಟು. ಅಲ್ಲಿವರೆಗೂ ಹಾಡೋರು, ಕೇಳೋರು ಒಂದೇ ಜಾಗದಾಗ ಇರಬೇಕಿತ್ತು: ಗುಡಿ, ವಾಡೆ, ನಾಟಕದ ಥೇಟರ್. ರೆಕಾರ್ಡ್ ಆ ಗಂಟು ಬಿಚ್ಚಿತು. ದನಿ ಅಂಗಡಿತನಕ ಬಂತು, ಅದು ಹುಟ್ಟಿದ ಕೋಣೆ ಬರಲಿಲ್ಲ. ಹಂಗ ಹಾಡೋದನ್ನ ಎಲ್ಲಿ ಹೋಗಿ ಕಲೀಬೇಕು?

1933ರಾಗ, 11ನೇ ವಯಸ್ಸಿಗೆ, ಹುಡುಗ ಮನಿ ಬಿಟ್ಟ. (ತುಪ್ಪದ ಸಲುವಾಗಿ ಜಗಳ ಆಗಿತ್ತು ಅಂತನೂ ಹೇಳ್ತಾರ. ಎರಡೂ ಇರಬಹುದು.) ಟಿಕೆಟ್ ಇಲ್ಲದ ರೈಲು ಪ್ರಯಾಣ, ಗ್ವಾಲಿಯರ್, ಕೊನೆಗೆ ಪಂಜಾಬಿನ ಜಲಂಧರ್. ಅಲ್ಲಿ ಗಾಯಕ ವಿನಾಯಕರಾವ್ ಪಟವರ್ಧನರು ಸವಾಯಿ ಗಂಧರ್ವರ ಹತ್ರ ಹೋಗು ಅಂದರು. ಸವಾಯಿ ಗಂಧರ್ವರು ಅಂದ್ರ ಕುಂದಗೋಳದ ರಾಮಭಾವು, ಅದೇ ಖಾನ್ ಸಾಹೇಬರ ಶಿಷ್ಯರು. ದೇಶ ತಿರುಗಿ ಹುಡುಕಿದ್ದು ಹುಬ್ಬಳ್ಳಿ ಮಗ್ಗಲಾಗೇ ಇತ್ತು!

1936ರಿಂದ ಗುರುಗಳ ಮನ್ಯಾಗ ವಾಸ. ಮೊದಲು ನೀರು ಹೊರೋದು, ಆಮೇಲೆ ಪಾಠ. ತೋಡಿ, ಮುಲ್ತಾನಿ, ಪೂರಿಯಾ, ಇವುಗಳನ್ನೇ ಮತ್ತೆ ಮತ್ತೆ ತಿದ್ದಿ ತೀಡೋದು. ಗುರು ಎದುರಿಗೇ ಕೂತಿರ್ತಾರ, ಸ್ವರ ಕೂದಲೆಳೆಯಷ್ಟು ಜಾರಿದರೂ ಸಿಕ್ಕಿಬೀಳ್ತದ. ರೆಕಾರ್ಡ್ ಹಾಡತದ ಹೊರತು ನಿಮ್ಮನ್ನ ತಿದ್ದೋದಿಲ್ಲ.

ಜಾಗಾನೂ ಪಾಠ ಮಾಡತದ ಅಂತ ನನಗನ್ನಸ್ತದ. ವಿಜಯಪುರದ ಗೋಳಗುಮ್ಮಟದಾಗ ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಬರತದಲ್ಲ, ಅಲ್ಲಿ ಜೋರು ತಾನ ಹಾಕಿದ್ರ ಒಂದರ ಮ್ಯಾಲೊಂದು ಬಿದ್ದು ಕಲಸುಮೇಲೋಗರ ಆಗತದ. ನಮ್ಮ ಕಡೆ ಹಳೇ ವಾಡೆಗಳು ಹಂಗಲ್ಲ. ಮರದ ಕಂಬ, ಮಣ್ಣಿನ ಗೋಡೆ, ಜಮಖಾನಿ ಮ್ಯಾಲೆ ಒತ್ತೊತ್ತಾಗಿ ಕೂತ ಮಂದಿ, ಇವೆಲ್ಲಾ ದನಿಯನ್ನ ಹೀರಿಕೊಳ್ತಾವ. ಒಂದೊಂದು ಸ್ವರಾನೂ ಬಿಡಿಬಿಡಿಯಾಗಿ ಕೇಳತದ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೀತದ, ಹೋಗಿ ಕೂತು ನೋಡ್ರಿ.

ಗುರು 1952ರಾಗ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರುವಾತು. ಅದನ್ನ ವರ್ಷ ವರ್ಷ ಮುನ್ನಡೆಸಿದ ಭೀಮಸೇನರು ದೊಡ್ಡ ಪೆಂಡಾಲಿನಾಗ, ಸಾವಿರಾರು ಮಂದಿ ಮುಂದ, ಮೈಕ್ ಇಟ್ಟುಕೊಂಡು ಹಾಡಿದರು.

ನಿಮ್ಮ ಮನಿ ಅಟ್ಟದಾಗ ಹಳೇ ಗ್ರಾಮಫೋನ್ ತಟ್ಟೆ ಇದ್ರ ಫೋಟೊ ಕಳಿಸ್ರಿ. ಮುಂದಿನ ಭಾಗ: ಮೈಕ್ ಇಲ್ಲದ ಕಾಲದ ಗದಗಿನ ನಾಟಕ ಕಂಪನಿಗಳು.

#ಗಜೇಂದ್ರಗಡ #ರೋಣ #ನಮ್ಮಕಡೆಯಇತಿಹಾಸ