ಸಾವಯವ ಚಾಕಲೇಟ್: ರುಚಿ ನೋಡುವ ಬಗೆ, ಲೇಬಲ್ ಓದುವ ಬಗೆ

ಪೆರ್ಲ, ಬದಿಯಡ್ಕ, ಬಾಯಾರು ಕಡೆಯ ಅಡಿಕೆ ತೋಟಗಳಿಗೆ ಕೊಕ್ಕೋ ಹೊಸ ಬೆಳೆಯೇನಲ್ಲ. ಹಣ್ಣು ಒಡೆದು, ಹಸಿ ಬೀಜವನ್ನು ಕ್ಯಾಂಪ್ಕೋ ಶಾಖೆಗೋ ಪೇಟೆಯ ವ್ಯಾಪಾರಿಗೋ ಕೊಟ್ಟು ಬಂದರೆ ಹೆಚ್ಚಿನ ಬೆಳೆಗಾರರ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ನಗರದ ಅಂಗಡಿಗಳಲ್ಲಿ ‘ಸಾವಯವ’, ‘ನ್ಯಾಯಬೆಲೆಗೆ ಕೊಂಡ ಬೀಜ’ ಎಂದು ಬರೆದ ಸಣ್ಣದೊಂದು ಬಾರ್ ಸಾಮಾನ್ಯ ಚಾಕಲೇಟಿನ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಆ ವ್ಯತ್ಯಾಸ ನಾಲಿಗೆಗೆ ನಿಜವಾಗಿ ತಿಳಿಯುತ್ತದೆಯೇ? ಬೆಳೆದವನಿಗೆ ಅದರಲ್ಲಿ ಏನಾದರೂ ಸಿಗುತ್ತದೆಯೇ?

ಈ ಭಾಗದ ಕೊಕ್ಕೋ ಕಥೆಯಲ್ಲಿ ಕ್ಯಾಂಪ್ಕೋ ಬಿಟ್ಟು ಮಾತಿಲ್ಲ. ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಈ ಸಹಕಾರಿ ಸಂಸ್ಥೆ 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದು. 1980ರ ಆಸುಪಾಸಿನಲ್ಲಿ ಧಾರಣೆ ಕುಸಿದು ಖರೀದಿದಾರರು ಹಿಂದೆ ಸರಿದಾಗ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರ್ಖಾನೆ ಶುರುವಾಯಿತು.

ರುಚಿ ಹುಟ್ಟುವುದು ಕಾರ್ಖಾನೆಯಲ್ಲಲ್ಲ

ಹಸಿ ಬೀಜ ಬಾಯಿಗೆ ಹಾಕಿದವರಿಗೆ ಗೊತ್ತು: ಮೇಲಿನ ಬಿಳಿ ಲೋಳೆ ಸಿಹಿ, ಒಳಗಿನ ಬೀಜ ಕಹಿ ಮತ್ತು ಒಗರು. ಚಾಕಲೇಟಿನ ಘಮ ಅದರಲ್ಲಿ ಇರುವುದೇ ಇಲ್ಲ. ಮರದ ಪೆಟ್ಟಿಗೆಯಲ್ಲೋ ಬಾಳೆ ಎಲೆ ಮುಚ್ಚಿದ ರಾಶಿಯಲ್ಲೋ ಐದಾರು ದಿನ ಹುಳಿ ಬರಿಸಿ, ನಡುನಡುವೆ ಮಗುಚಿ ಹಾಕಿದಾಗ ಲೋಳೆ ಕರಗಿ ಇಳಿಯುತ್ತದೆ, ರಾಶಿಯ ಬಿಸಿ 45ರಿಂದ 50 ಡಿಗ್ರಿಗೆ ಏರುತ್ತದೆ, ಬೀಜದೊಳಗಿನ ನೇರಳೆ ಬಣ್ಣ ಕಂದಿಗೆ ತಿರುಗುತ್ತದೆ. ಆಮೇಲೆ ತೇವಾಂಶ ಶೇ. 6-7ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಮೂರು ಕಿಲೋ ಹಸಿ ಬೀಜಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಬೀಜ.

ತಪ್ಪು ನಡೆಯುವುದೂ ಇಲ್ಲೇ. ಹುಳಿ ಬರುವುದು ಅರ್ಧಕ್ಕೆ ನಿಂತರೆ ಒಗರು ಉಳಿಯುತ್ತದೆ. ಮಳೆಗಾಲದಲ್ಲಿ ಒಲೆಯ ಹೊಗೆ ತಾಗಿಸಿ ಒಣಗಿಸಿದರೆ ಆ ಹೊಗೆವಾಸನೆ ಕೊನೆಯ ಬಾರ್‌ವರೆಗೂ ಬರುತ್ತದೆ. ಎಷ್ಟು ಸಕ್ಕರೆ ಸುರಿದರೂ ಹೋಗುವುದಿಲ್ಲ. ಬೀಜವನ್ನು ಉದ್ದಕ್ಕೆ ಸೀಳಿ ನೋಡಿದರೆ ಸಾಕು. ಕಂದು ಬಣ್ಣ, ಒಳಗೆ ಬಿರುಕು ಇದ್ದರೆ ಒಳ್ಳೆಯದು. ಬೂದು ಬಣ್ಣ, ಗಟ್ಟಿ ಇದ್ದರೆ ಹುಳಿ ಬಂದೇ ಇಲ್ಲ. ದೊಡ್ಡ ಖರೀದಿದಾರರೂ ಬಳಸುವ ಪರೀಕ್ಷೆ ಇದು, ಮನೆಯ ಚೂರಿಯಲ್ಲೇ ಆಗುತ್ತದೆ.

ಹೋಲಿಸಿ ನೋಡುವಾಗ

ಶೇ. 70ರ ಬಾರನ್ನು ಹಾಲು ಚಾಕಲೇಟಿನ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಒಂದೇ ಶೇಕಡಾವಾರಿನ ಎರಡು ಮೂರು ಬಾರ್ ತೆಗೆದುಕೊಳ್ಳಬೇಕು. ಈ 70 ಎಂದರೆ ಕೊಕ್ಕೋ ಬೀಜ ಮತ್ತು ಕೊಕ್ಕೋ ಬೆಣ್ಣೆ ಎರಡೂ ಸೇರಿದ ಅಂಶ. ಉಳಿದದ್ದು ಬಹುಪಾಲು ಸಕ್ಕರೆ. ಬೆಣ್ಣೆ ಹೆಚ್ಚು ಸೇರಿಸಿದವರ ಬಾರ್ ನುಣುಪಾಗಿರುತ್ತದೆ, ಬೀಜವೇ ಹೆಚ್ಚಿರುವುದು ಗಡುಸಾಗಿರುತ್ತದೆ. ಅಂಕಿ ಒಂದೇ, ರುಚಿ ಬೇರೆ.

ಫ್ರಿಜ್ಜಿನಿಂದ ತೆಗೆದ ಕೂಡಲೇ ತಿನ್ನಬಾರದು. ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಮುರಿದಾಗ ‘ಟಕ್’ ಎನ್ನಬೇಕು. ಮೂಸಿ ನೋಡಿ, ಜಗಿಯದೆ ನಾಲಿಗೆಯ ಮೇಲೆ ಇಡಬೇಕು. ಕೊಕ್ಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯಿಯ ಬಿಸಿಗೇ ಕರಗುತ್ತದೆ. ಕರಗದೆ ಮೇಣದಂತೆ ಅಂಗುಳಕ್ಕೆ ಅಂಟಿದರೆ ಹಿಂಬದಿ ಓದಿ: ‘ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್’ ಎಂದಿದ್ದರೆ ಅದು ಕಾಂಪೌಂಡ್, ಹೆಸರಿಗೆ ಮಾತ್ರ ಚಾಕಲೇಟ್. ಮೊದಲು ಹುಳಿ, ನಡುವೆ ಹಣ್ಣಿನದೋ ಬೀಜದ್ದೋ ಪರಿಮಳ, ಕೊನೆಗೆ ಕಹಿ ಹೀಗೆ ಒಂದೊಂದಾಗಿ ಗಮನಿಸಬೇಕು. ಒಂದು ಬಾರಿನಿಂದ ಇನ್ನೊಂದಕ್ಕೆ ಹೋಗುವಾಗ ಉಗುರುಬೆಚ್ಚಗಿನ ನೀರು, ಉಪ್ಪಿಲ್ಲದ ಮಂಡಕ್ಕಿ ಸಾಕು.

ಸಾವಯವ ಬೇರೆ, ನ್ಯಾಯಬೆಲೆ ಬೇರೆ

ಗಿರಾಕಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಸಾವಯವ ಎಂಬ ಮುದ್ರೆ ತೋಟದಲ್ಲಿ ಏನು ಸಿಂಪಡಿಸಿಲ್ಲ ಎಂದು ಹೇಳುತ್ತದೆ. ರುಚಿಯ ಬಗ್ಗೆಯೂ ಹೇಳುವುದಿಲ್ಲ, ಬೆಳೆಗಾರನ ಕೈಗೆ ಎಷ್ಟು ಬಂತೆಂದೂ ಹೇಳುವುದಿಲ್ಲ. ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಎಣ್ಮಕಜೆಯವರಿಗೆ ಮೊದಲನೆಯ ಮಾತಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೆ ಪ್ರಮಾಣಪತ್ರ ಸುಲಭವಲ್ಲ. ಬಹುವಾರ್ಷಿಕ ಬೆಳೆಗೆ ಮೂರು ವರ್ಷದ ಪರಿವರ್ತನೆ ಅವಧಿ ಇದೆ. ಕೊಕ್ಕೋ ಇರುವುದು ಅಡಿಕೆಯ ಅಡಿಯಲ್ಲಿ, ಹಾಗಾಗಿ ಅಡಿಕೆಗೆ ಹಾಕುವ ಗೊಬ್ಬರ, ಮದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಸಣ್ಣವರಿಗೆ ಬೆಳೆಗಾರರ ಗುಂಪೇ ಪರಸ್ಪರ ತಪಾಸಣೆ ಮಾಡುವ ಪಿಜಿಎಸ್ ಪದ್ಧತಿ ಖರ್ಚಿನಲ್ಲಿ ಹಗುರ.

ನ್ಯಾಯಬೆಲೆಯ ಕೂಗು ಎದ್ದದ್ದು ಪಶ್ಚಿಮ ಆಫ್ರಿಕದಿಂದ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬೆಳೆಯುವ ಐವರಿ ಕೋಸ್ಟ್, ಘಾನಾಗಳ ತೋಟಗಳಲ್ಲಿ ಮಕ್ಕಳ ದುಡಿಮೆ ಬಯಲಾಗಿ, 2001ರಲ್ಲಿ ದೊಡ್ಡ ಕಂಪನಿಗಳು ಹಾರ್ಕಿನ್-ಎಂಗಲ್ ಒಪ್ಪಂದಕ್ಕೆ ಸಹಿ ಹಾಕಿದವು. ಆದರೂ 2020ರ ವರದಿಯೊಂದು ಆ ಎರಡು ದೇಶಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ಕೊಕ್ಕೋ ಕೆಲಸದಲ್ಲಿದ್ದಾರೆಂದು ಅಂದಾಜಿಸಿತು. ಫೇರ್‌ಟ್ರೇಡ್ ಮುದ್ರೆಯಲ್ಲಿ ಕನಿಷ್ಠ ಬೆಲೆಯ ಜೊತೆಗೆ ಬೆಳೆಗಾರರ ಸಂಘಕ್ಕೆ ಟನ್ನಿಗೆ 240 ಡಾಲರ್ ಹೆಚ್ಚುವರಿ ಹಣ ಎಂದು 2019ರಲ್ಲಿ ನಿಗದಿಯಾಯಿತು. ಕಪ್ಪೆ ಚಿತ್ರದ ರೇನ್‌ಫಾರೆಸ್ಟ್ ಅಲಯನ್ಸ್ ಮುದ್ರೆಯಲ್ಲಿ ಅಂಥ ಕನಿಷ್ಠ ಬೆಲೆಯ ಖಾತ್ರಿ ಇಲ್ಲ.

ಬೀಜದಿಂದ ಬಾರ್‌ವರೆಗೆ ತಾವೇ ಮಾಡುವ ಮೈಸೂರಿನ ನವಿಲುನ, ಆರೋವಿಲ್ಲಿನ ಮೇಸನ್ ಅಂಡ್ ಕೋ, ಕೊಚ್ಚಿಯ ಪಾಲ್ ಅಂಡ್ ಮೈಕ್‌ನಂಥ ಸಣ್ಣ ತಯಾರಕರು ದಕ್ಷಿಣ ಭಾರತದ ಬೀಜವನ್ನೇ ನೆಚ್ಚಿಕೊಂಡವರು. ಇಂಥವರ ಬಾರ್ ಕೊಳ್ಳುವಾಗ ಮುದ್ರೆಗಿಂತ ಮೊದಲು ನೋಡಬೇಕಾದ್ದು ಬೀಜ ಬಂದ ಊರಿನ ಹೆಸರು. ‘ಭಾರತದ ಕೊಕ್ಕೋ’ ಎಂದಷ್ಟೇ ಬರೆದವರಿಗಿಂತ ತೋಟವನ್ನೋ ಸಂಘವನ್ನೋ ಹೆಸರಿಸಿದವರ ಮಾತಿಗೆ ತೂಕ ಹೆಚ್ಚು, ಏಕೆಂದರೆ ಅದನ್ನು ಹೋಗಿ ವಿಚಾರಿಸಬಹುದು.

2024ರಲ್ಲಿ ಆಫ್ರಿಕದ ಬೆಳೆ ಕೈಕೊಟ್ಟು ನ್ಯೂಯಾರ್ಕ್ ಧಾರಣೆ ಟನ್ನಿಗೆ 12,000 ಡಾಲರ್ ದಾಟಿದಾಗ ಹಸಿ ಬೀಜಕ್ಕೂ ಬೇಡಿಕೆ ಬಂದಿತ್ತು. 2025ರಲ್ಲಿ ಅದು ಇಳಿಯಿತು. ಹಸಿ ಬೀಜ ಮಾರುವವರಿಗೆ ಈ ಏರಿಳಿತ ನೇರ ತಾಗುತ್ತದೆ. ಹುಳಿ ಬರಿಸಿ ಒಣಗಿಸಿದ ಬೀಜ ಸ್ವಲ್ಪ ಕಾಲ ಕಾಯಬಲ್ಲದು. ಆದರೆ ರಾಶಿ ಬಿಸಿಯಾಗಲು ಐವತ್ತು ಕಿಲೋವಾದರೂ ಹಸಿ ಬೀಜ ಬೇಕು, ಒಂದು ಮನೆಯಲ್ಲಿ ಒಂದೇ ದಿನ ಅಷ್ಟು ಸಿಗುವುದು ಅಪರೂಪ. ನೆರೆಯ ನಾಲ್ಕು ತೋಟದವರು ಒಂದೇ ದಿನ ಕೊಯ್ದು ಒಂದೇ ಪೆಟ್ಟಿಗೆಗೆ ಹಾಕುವುದು ಒಂದು ದಾರಿ. ಇನ್ನೂ ಕಡಿಮೆ ಇದ್ದವರಿಗೆ ಹೆಣೆದ ಸಣ್ಣ ಬುಟ್ಟಿಯಲ್ಲಿ ಹುಳಿ ಬರಿಸುವ ಪದ್ಧತಿಯೂ ಇದೆ.