ಮಕ್ಕಳ ಅಸ್ತಮಾ ಶಿಕ್ಷಣ: ತರಗತಿಯಿಂದ ಪರದೆಗೆ

ಅಸ್ತಮಾವನ್ನು ನಿಭಾಯಿಸುವ ಬಗೆಯನ್ನು ಮಕ್ಕಳಿಗೆ ಕಲಿಸಿದರೆ ಪ್ರಯೋಜನವಿದೆಯೇ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಓಪನ್ ಏರ್‌ವೇಸ್’ ಕಾರ್ಯಕ್ರಮ 8ರಿಂದ 11 ವರ್ಷದ ಮಕ್ಕಳನ್ನು ಶಾಲೆಯಲ್ಲೇ ಸಣ್ಣ ಗುಂಪುಗಳಲ್ಲಿ ಕೂರಿಸಿ ಕಲಿಸಿತು. ಮಕ್ಕಳ ಅಸ್ತಮಾ ಶಿಕ್ಷಣದ 32 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಸಮೀಕ್ಷೆಯೊಂದು 2003ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಕಲಿತ ಮಕ್ಕಳ ಶ್ವಾಸಕೋಶದ ಸಾಮರ್ಥ್ಯ ಸುಧಾರಿಸಿತ್ತು, ಶಾಲೆ ತಪ್ಪುವುದು ಕಡಿಮೆಯಾಗಿತ್ತು, ತುರ್ತು ಚಿಕಿತ್ಸೆಗೆ ಓಡುವುದೂ ತಗ್ಗಿತ್ತು. ತೊಡಕಿದ್ದದ್ದು ಕಲಿಸುವವರ ಕೊರತೆಯಲ್ಲಿ. ತರಬೇತಿ ಪಡೆದ ನರ್ಸ್ ಎಲ್ಲ ಶಾಲೆಗೂ ಸಿಗುವುದಿಲ್ಲ. ಕಂಪ್ಯೂಟರಿನ ಕಡೆಗೆ ಗಮನ ಹರಿದದ್ದು ಆ ಕಾರಣಕ್ಕೆ. ಆದರೆ ಮುಂದಿನ ದಶಕಗಳ ಅನುಭವವನ್ನು ನೋಡಿದರೆ, ಪರದೆ ಫಲ ಕೊಟ್ಟದ್ದು ಪಾಠ ಒಪ್ಪಿಸಿದಾಗ ಅಲ್ಲ; ಮಗುವನ್ನು ವಿಚಾರಿಸಿ, ಅದು ಕೊಟ್ಟ ಉತ್ತರಕ್ಕೆ ತಕ್ಕ ಮಾತಾಡಿದಾಗ, ಚಿಕಿತ್ಸೆ ನೀಡುವವರ ನಂಟನ್ನು ಕಡಿಯದೆ ಇದ್ದಾಗ.

ಮೊದಲು ಬಂದದ್ದು ಆಟ. 1990ರ ದಶಕದ ‘ಬ್ರಾಂಕಿ ದಿ ಬ್ರಾಂಕಿಯಸಾರಸ್’ ವಿಡಿಯೊ ಗೇಮ್‌ನಲ್ಲಿ ಅಸ್ತಮಾ ಇರುವ ಡೈನೊಸಾರ್ ಒಂದು ಧೂಳು, ಹೊಗೆಗಳಿಂದ ದೂರವಿದ್ದು ದಿನದ ಔಷಧ ತೆಗೆದುಕೊಳ್ಳುವಂತೆ ಮಗುವೇ ನೋಡಿಕೊಳ್ಳಬೇಕಿತ್ತು. ಆಮೇಲೆ ಸಿಡಿಗಳು ಬಂದವು. ಮಿಸೌರಿ ವಿಶ್ವವಿದ್ಯಾಲಯದ ತಂಡ ಇಂಟರ್ನೆಟ್ ಮೂಲಕ ಬಳಸಬಹುದಾದ ಕಾರ್ಯಕ್ರಮವೊಂದನ್ನು 228 ಮಕ್ಕಳಲ್ಲಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ರೋಗಲಕ್ಷಣ ಕಾಡುವ ದಿನಗಳು ಕಡಿಮೆಯಾಗಿದ್ದವು. ಸ್ಟಿರಾಯ್ಡ್ ಇನ್ಹೇಲರಿನ ದಿನದ ಪ್ರಮಾಣವೂ ಇಳಿದಿತ್ತು. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಮಕ್ಕಳು ಅದನ್ನು ಬಳಸಿದ್ದು ಆಸ್ಪತ್ರೆಗೆ ಬಂದಾಗ, ವೈದ್ಯರ ಮಾತು ಮತ್ತು ಮುದ್ರಿತ ಮಾಹಿತಿಯ ಜೊತೆಗೆ. ಯಂತ್ರ ಅಲ್ಲಿ ಯಾರ ಜಾಗವನ್ನೂ ಕಿತ್ತುಕೊಳ್ಳಲಿಲ್ಲ.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಡೆಟ್ರಾಯಿಟ್‌ನ ‘ಪಫ್ ಸಿಟಿ’ ಎಂಬ ಕಂಪ್ಯೂಟರ್ ಕಾರ್ಯಕ್ರಮ. ಕ್ರಿಸ್ಟೀನ್ ಜೋಸೆಫ್ ಮತ್ತು ಸಂಗಡಿಗರು ಅಲ್ಲಿನ ಆರು ಸರ್ಕಾರಿ ಪ್ರೌಢಶಾಲೆಗಳ 314 ವಿದ್ಯಾರ್ಥಿಗಳ ಜೊತೆ, ಬಹುಪಾಲು ಆಫ್ರಿಕನ್ ಅಮೆರಿಕನ್ ಹದಿಹರೆಯದವರ ಜೊತೆ, ಇದನ್ನು ನಡೆಸಿ 2007ರಲ್ಲಿ ವರದಿ ಮಾಡಿದರು. ಕಾರ್ಯಕ್ರಮ ಗಮನವಿಟ್ಟದ್ದು ಮೂರೇ ವಿಷಯಗಳ ಮೇಲೆ: ನಿತ್ಯದ ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತೀಯಾ, ತುರ್ತಿನ ಇನ್ಹೇಲರ್ ನಿನ್ನ ಕೈಯಳತೆಯಲ್ಲಿದೆಯೇ, ಸಿಗರೇಟ್ ಸೇದುತ್ತೀಯಾ. ಉತ್ತರ ಏನೋ ಅದರಂತೆ ಮುಂದಿನ ಮಾತು. ಓದಲು ಕಷ್ಟಪಡುವವರಿಗಾಗಿ ಎಲ್ಲವೂ ಧ್ವನಿಯಲ್ಲಿ. ತೊಂದರೆಯಲ್ಲಿರುವ ವಿದ್ಯಾರ್ಥಿಗೆ ಚಿಕಿತ್ಸೆಯ ದಾರಿ ತೋರಿಸಲು ಒಬ್ಬ ಸಂಯೋಜಕರಿದ್ದರು. ಈ ಪ್ರಯೋಗದ ತೂಕ ಇರುವುದು ಹೋಲಿಕೆಯ ಗುಂಪಿನಲ್ಲಿ. ಆ ವಿದ್ಯಾರ್ಥಿಗಳೂ ಶಾಲೆಯ ಕಂಪ್ಯೂಟರಿನ ಮುಂದೆ ಕೂತು ಅಸ್ತಮಾ ಜಾಲತಾಣಗಳನ್ನೇ ನೋಡಿದ್ದರು, ಆದರೆ ಎಲ್ಲರಿಗೂ ಒಂದೇ ಮಾತು ಹೇಳುವ ತಾಣಗಳನ್ನು. ವರ್ಷದ ಕೊನೆಗೆ ಅವರಿಗಿಂತ ಪಫ್ ಸಿಟಿಯ ಮಕ್ಕಳು ಹೇಳಿಕೊಂಡ ರೋಗಲಕ್ಷಣದ ದಿನಗಳು ಸುಮಾರು ಅರ್ಧದಷ್ಟಿದ್ದವು; ಶಾಲೆ ತಪ್ಪಿದ ದಿನಗಳೂ ಕಡಿಮೆ. ಪರದೆ ಇಬ್ಬರಿಗೂ ಸಿಕ್ಕಿತ್ತು. ವಿಚಾರಿಸಿದ್ದು ಒಂದು ಗುಂಪನ್ನು ಮಾತ್ರ.

ಮಕ್ಕಳು ತಾವೇ ಹೇಳಿದ್ದನ್ನು ಎಷ್ಟು ನಂಬುವುದು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಎರಡೂ ಗುಂಪುಗಳು ಹಾಗೆಯೇ ಹೇಳಿದವು ಎಂಬುದನ್ನೂ ನೋಡಬೇಕು. ಇಂಟರ್ನೆಟ್ ಇಲ್ಲದ ಮನೆಗಳ ಪ್ರಶ್ನೆಗೆ ಡೆಟ್ರಾಯಿಟ್ ಶಾಲೆಯ ಕಂಪ್ಯೂಟರ್ ಬಳಸಿ ಉತ್ತರ ಕೊಟ್ಟಿತು. ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪ ನೆದರ್ಲೆಂಡ್ಸ್‌ನಿಂದ 2012ರಲ್ಲಿ ಬಂತು. ಅಲ್ಲಿ 90 ಹದಿಹರೆಯದವರ ಮೇಲೆ ನಡೆದ ಆನ್‌ಲೈನ್ ಪ್ರಯೋಗದಲ್ಲಿ ಮೂರು ತಿಂಗಳಿಗೆ ಅಸ್ತಮಾ ಚೆನ್ನಾಗಿ ಹತೋಟಿಗೆ ಬಂದಿತ್ತು. ಹನ್ನೆರಡು ತಿಂಗಳಿಗೆ ಗುಂಪುಗಳ ನಡುವೆ ವ್ಯತ್ಯಾಸವೇ ಉಳಿದಿರಲಿಲ್ಲ. ಹಾಗಾದರೆ ಇದೆಲ್ಲ ವ್ಯರ್ಥವೇ? ಅಲ್ಲವೆಂದೇ ನನ್ನ ಎಣಿಕೆ. ಅಸ್ತಮಾ ವರ್ಷಗಟ್ಟಲೆ ಜೊತೆಗಿರುವ ರೋಗ. ಒಂದು ಸಲ ಕಲಿತದ್ದು ಹದಿನೈದರ ವಯಸ್ಸಿನಲ್ಲಿ ತಾನಾಗಿ ಉಳಿಯುತ್ತದೆ ಎಂದು ನಿರೀಕ್ಷಿಸಿದ್ದೇ ಹೆಚ್ಚಾಯಿತು. ಕಲಿಯಬೇಕಾದದ್ದೂ ಬದಲಾಗುತ್ತದೆ: ಹನ್ನೆರಡು ದಾಟಿದವರು ತಕ್ಷಣ ಉಸಿರು ಸಡಿಲಿಸುವ ಇನ್ಹೇಲರ್ ಒಂದನ್ನೇ ನೆಚ್ಚಿಕೊಳ್ಳುವುದು ಸಲ್ಲದು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಲ್ಲಿ ಹೇಳಿತು. ಅದಕ್ಕೂ ಹಿಂದಿನ ಎಷ್ಟೋ ಪಾಠಗಳನ್ನು ಆಗ ತಿದ್ದಬೇಕಾಯಿತು.

ಈ ಮಾತು ಕರ್ನಾಟಕಕ್ಕೆ ದೂರದ್ದಲ್ಲ. ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಆಸ್ಪತ್ರೆಗೆ ಬಂದ ಮಕ್ಕಳನ್ನು ಆಧರಿಸಿ ನಡೆಸಿದ ಅಧ್ಯಯನದಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇಕಡ 9 ಇದ್ದದ್ದು 1999ಕ್ಕೆ ಶೇಕಡ 29.5 ಆಗಿತ್ತು. ಇನ್ಹೇಲರ್ ಹಿಡಿದರೆ ಚಟವಾಗುತ್ತದೆ ಎಂಬ ಅಂಜಿಕೆ, ಮಗಳಿಗೆ ಉಬ್ಬಸವಿದೆ ಎಂದು ಗೊತ್ತಾದರೆ ಮದುವೆಗೆ ತೊಡಕೆಂಬ ಮುಚ್ಚುಮರೆ ಇಲ್ಲಿ ಇನ್ನೂ ಇವೆ. ಇಂಗ್ಲಿಷ್ ಆ್ಯಪ್ ಒಂದನ್ನು ಕನ್ನಡಕ್ಕೆ ತಿರುಗಿಸಿದರೆ ಆ ಅಂಜಿಕೆಯನ್ನು ಅದು ಕೇಳುವುದೇ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಹೋಗಿ ತಪಾಸಣೆ ಮಾಡುತ್ತವೆ; ಉಸಿರಾಟದ ಈ ತೊಂದರೆ ಅವರ ಪಟ್ಟಿಯಲ್ಲೂ ಇದೆ. ತಂಡ ಬಂದು ಹೋದ ಮೇಲಿನ ತಿಂಗಳುಗಳಲ್ಲಿ, ಗುರುತಿಸಿದ ಮಗುವನ್ನು ಅದರದೇ ಕನ್ನಡದಲ್ಲಿ, ಧ್ವನಿಯಲ್ಲಿ, ಮತ್ತೆ ಮತ್ತೆ ವಿಚಾರಿಸುವ ಕೆಲಸವನ್ನು ಫೋನಿಗೆ ವಹಿಸಬಹುದು. ಉತ್ತರ ಕೇಳಿ ಗಾಬರಿಯಾಗುವಂತಿದ್ದರೆ ಮನೆ ಬಾಗಿಲಿಗೆ ಹೋಗಲು ಆಶಾ ಕಾರ್ಯಕರ್ತೆಯರಿದ್ದಾರೆ.