ಬ್ರೇಕ್ ಡಿಸ್ಕ್‌ಗೆ ತುಕ್ಕು: ಯಾವುದು ಮಾಮೂಲಿ, ಯಾವುದು ಅಪಾಯ?

ಮಳೆಗಾಲದಲ್ಲಿ ನಾಲ್ಕು ದಿನ ಕಾರು ನಿಲ್ಲಿಸಿದರೆ ಚಕ್ರದ ಸಂದಿಯಲ್ಲಿ ಕಾಣುವ ಬ್ರೇಕ್ ಡಿಸ್ಕ್ ಕೆಂಪಗಾಗಿರುತ್ತದೆ. ಕೆಲವರು ಬ್ರೇಕೇ ಹೋಯ್ತು ಅಂತ ಗಾಬರಿಯಾಗ್ತಾರೆ. ಇನ್ನು ಕೆಲವರು "ಏನೂ ಆಗಂಗಿಲ್ಲ, ಓಡಸ್ರಿ" ಅಂತಾರೆ. ಇಬ್ಬರ ಮಾತೂ ಅರ್ಧ ನಿಜ. ನೋಡಬೇಕಾದದ್ದು ಎರಡೇ: ತುಕ್ಕು ಎಲ್ಲಿದೆ? ಗಾಡಿ ಓಡಿಸಿದ ಮೇಲೂ ಉಳಿಯುತ್ತಾ?

ತುಕ್ಕು ಬರೋದು ಯಾಕೆ?

ಡಿಸ್ಕ್ ಮಾಡೋದು ಎರಕದ ಕಬ್ಬಿಣದಿಂದ. ಅದು ಅಗ್ಗ, ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣ ಬಳಿದರೂ ನಿಲ್ಲೋದಿಲ್ಲ. ಹಾಗಾಗಿ ಒಂದು ರಾತ್ರಿಯ ತೇವ ಸಾಕು, ತೆಳು ತುಕ್ಕು ಬರುತ್ತದೆ.

ಕುಂದಗೋಳದಂಥ ಎರೆಭೂಮಿಯಲ್ಲಿ ಇನ್ನೊಂದು ತೊಂದರೆಯಿದೆ. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಲದ ದಾರಿಯ ಕೆಸರು ಚಕ್ರದೊಳಗೆ, ಕ್ಯಾಲಿಪರ್ ಸುತ್ತ ಮೆತ್ತಿಕೊಂಡರೆ ಮಳೆ ನಿಂತ ಮೇಲೂ ಅಲ್ಲಿ ಹಸಿ ಉಳಿಯುತ್ತದೆ. ಬೆಣ್ಣಿಹಳ್ಳ ತುಂಬಿದಾಗ ನೀರಲ್ಲಿ ಹಾಯ್ದ ಗಾಡಿಗಳ ಹಿಂದಿನ ಡ್ರಮ್ ಬ್ರೇಕ್ ಒಳಗೂ ಕೆಸರು ಸೇರಬಹುದು. ಡ್ರಮ್ ಮುಚ್ಚಿರುವುದರಿಂದ ಅದು ಹೊರಗೆ ಕಾಣೋದೂ ಇಲ್ಲ.

ಯಾವಾಗ ಚಿಂತೆ ಬೇಡ?

ಡಿಸ್ಕ್ ಮೇಲೆ ತೆಳ್ಳಗೆ, ಒಂದೇ ಸಮ ಕೆಂಪು ಬಣ್ಣವಿದ್ದರೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಾ ಐದಾರು ಸಲ ಬ್ರೇಕ್ ಒತ್ತಿ. ಮೊದಲು ಕರ್ ಅಂತ ಸದ್ದು ಬರಬಹುದು. ಪ್ಯಾಡ್ ತುಕ್ಕನ್ನು ಕೆರೆದು ತೆಗೆದ ಮೇಲೆ ಡಿಸ್ಕ್ ಹೊಳೆಯಬೇಕು, ಸದ್ದು ನಿಲ್ಲಬೇಕು. ಪ್ಯಾಡ್ ತಾಗದ ನಡುಭಾಗ, ಅಂಚಿನಲ್ಲಿರುವ ತೆಳು ತುಕ್ಕಿಗೂ ಹೆದರಬೇಕಿಲ್ಲ.

ಯಾವಾಗ ಗ್ಯಾರೇಜಿಗೆ ಹೋಗಬೇಕು?

- ಹುಬ್ಬಳ್ಳಿಗೆ ಹೋಗಿಬಂದ ಮೇಲೂ ಪ್ಯಾಡ್ ಉಜ್ಜುವ ಜಾಗದಲ್ಲಿ ತುಕ್ಕಿನ ಪಟ್ಟೆ ಉಳಿದಿದ್ದರೆ. ಅಲ್ಲಿ ಪ್ಯಾಡ್ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ.
- ಡಿಸ್ಕ್ ಮೇಲೆ ಗುಳಿ, ಆಳದ ಗೀರು, ಬಿರುಕು ಕಂಡರೆ, ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ.
- ಬ್ರೇಕ್ ಒತ್ತಿದಾಗ ಪೆಡಲ್ ಅದುರಿದರೆ, ಗಾಡಿ ಒಂದೇ ಕಡೆ ಎಳೆದರೆ.
- ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾದರೆ. ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಪ್ಯಾಡ್ ಸಿಕ್ಕಿಕೊಂಡಿರಬಹುದು.
- ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ, ಪೆಡಲ್ ಮೆತ್ತಗಾದರೆ. ಆಯಿಲ್ ಹೋಗುವ ಕಬ್ಬಿಣದ ಪೈಪಿನ ತುಕ್ಕು ಎಲ್ಲಕ್ಕಿಂತ ಅಪಾಯ. ಆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ.

ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬ ಮಿತಿ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರುತ್ತದೆ. ಅಳೆದು ತೋರಿಸಲು ಮೆಕ್ಯಾನಿಕ್ಕಿಗೆ ಹೇಳಿ. ಅದಕ್ಕಿಂತ ತೆಳುವಾಗಿದ್ದರೆ ಬದಲಿಸಲೇಬೇಕು.

ಮಾಡಬಾರದ್ದು

ತುಕ್ಕು ಬಿಡಿಸಲು ಡಿಸ್ಕ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ಬ್ರೇಕ್ ಹಿಡಿಯೋದಿಲ್ಲ. ಗಾಡಿ ತೊಳೆದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಬೇಡಿ, ಬ್ರೇಕ್ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ನೋಡಬೇಕಾದವರು ಯಾರು?

ಹಳದಿ ಬೋರ್ಡಿನ ಟ್ಯಾಕ್ಸಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ ಇದೆ. ಬಿಳಿ ಬೋರ್ಡಿನ ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ನವೀಕರಣದ ಹೊತ್ತಿಗಷ್ಟೇ ಈ ಪರೀಕ್ಷೆ. ನಡುವೆ ಮಾಡಿಸುವ ಮಾಲಿನ್ಯ ತಪಾಸಣೆ ಹೊಗೆಯನ್ನಷ್ಟೇ ನೋಡುತ್ತದೆ, ಬ್ರೇಕನ್ನಲ್ಲ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಪರೀಕ್ಷೆ ಕಡ್ಡಾಯ, ಅದರಲ್ಲಿ ಬ್ರೇಕೂ ಸೇರಿದೆ.

ನಮ್ಮಲ್ಲಿ ಹೆಲ್ಮೆಟ್, ಸೀಟ್‌ಬೆಲ್ಟ್‌ಗೆ ದಂಡವಿದೆ, ಇರಲಿ. ಆದರೆ ಕೈ ಬದಲಾಯಿಸುತ್ತಾ ಹಳ್ಳಿ ಸೇರುವ ಹಳೇ ಕಾರಿನ ಬ್ರೇಕ್ ನೋಡುವ ಹೊಣೆಯನ್ನು 15 ವರ್ಷ ಮಾಲೀಕನೊಬ್ಬನ ಮೇಲೇ ಬಿಟ್ಟಿದ್ದೇವೆ. ಆ ಬ್ರೇಕ್ ಹಿಡಿಯದಿದ್ದರೆ ಪೆಟ್ಟು ತಿನ್ನುವವರಲ್ಲಿ ರಸ್ತೆ ಬದಿ ನಡೆಯುವವರೂ ಇರುತ್ತಾರೆ. ತಾಲೂಕು ಮಟ್ಟದಲ್ಲಿ ಕಡಿಮೆ ಖರ್ಚಿನ ಬ್ರೇಕ್ ತಪಾಸಣೆ ಬೇಕೆಂದು ಕೇಳುವುದು ನಮ್ಮ ಹಕ್ಕು. ಅದು ಬರುವ ತನಕ, ಮುಂಗಾರಿಗೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಚಕ್ರ ಬಿಚ್ಚಿಸಿ ನೋಡಿಸಿ.